ಒಂದು ಊರಿನ ಮನಸ್ಸನ್ನು ಅಳೆಯುವುದು: ಡಾ. ಆರ್. ಎಲ್. ಕಪೂರ್ ಅವರ ಸಂಶೋಧನೆಯ ದಾರಿ



ಮನೋವೈದ್ಯರು ದಿನವೂ ನೋಡುವುದು ತಮ್ಮ ಬಳಿಗೆ ಬಂದವರನ್ನು. ಬಾರದೆ ಉಳಿದವರನ್ನು ಯಾರು ನೋಡುತ್ತಾರೆ? ಮನೆಯ ಹಿಂದಿನ ಕೋಣೆಯಲ್ಲಿ ವರ್ಷಗಟ್ಟಲೆ ಕುಳಿತಿರುವವರು, ಹರಕೆ ಹೊತ್ತು ಕ್ಷೇತ್ರದಿಂದ ಕ್ಷೇತ್ರಕ್ಕೆ ಅಲೆಯುವವರು, ತಲೆನೋವು ಎದೆನೋವು ಎಂದು ಹಳ್ಳಿಯ ಡಾಕ್ಟರ ಹತ್ತಿರ ಮಾತ್ರೆ ಪಡೆದು ಹಿಂದಿರುಗುವವರು, ಯಾರಿಗೂ ಏನನ್ನೂ ಹೇಳದೆ ದುಡಿಯುತ್ತಲೇ ಇರುವವರು. ಇವರ ಹೆಸರು ಯಾವ ಆಸ್ಪತ್ರೆಯ ದಾಖಲೆಯಲ್ಲೂ ಇರುವುದಿಲ್ಲ. ಇವರನ್ನು ಹುಡುಕಿಕೊಂಡು ಹೋಗಿ, ಒಂದು ಜನಸಮುದಾಯದಲ್ಲಿ ಮಾನಸಿಕ ತೊಂದರೆ ಎಷ್ಟಿದೆ, ಯಾರಲ್ಲಿದೆ, ಏಕೆ ಅವರಲ್ಲಿದೆ ಎಂದು ಕೇಳುವ ಶಾಸ್ತ್ರವೊಂದಿದೆ. ವೈದ್ಯರು ಅದನ್ನು ಎಪಿಡೆಮಿಯಾಲಜಿ ಎನ್ನುತ್ತಾರೆ. ಕಾಲರಾ, ಮಲೇರಿಯಾಗಳ ಹಾದಿ ಹಿಡಿಯಲು ಬೆಳೆದ ಈ ವಿದ್ಯೆಯನ್ನು ಮನಸ್ಸಿನ ಕಾಯಿಲೆಗಳಿಗೆ ಒಗ್ಗಿಸಲು ಹೊರಟವರು ಲೋಕದಲ್ಲಿ ಕೆಲವರೇ. ಅವರಲ್ಲಿ ಒಬ್ಬರಾದ, ನಮ್ಮ ಕರಾವಳಿಯ ಒಂದು ಊರಿನಲ್ಲಿ ಕೆಲಸ ಆರಂಭಿಸಿ, ಬೆಂಗಳೂರಿನಲ್ಲಿ ಅದನ್ನು ಬೆಳೆಸಿದ ಡಾ. ಆರ್. ಎಲ್. ಕಪೂರ್ ಅವರ ವೃತ್ತಿಜೀವನವೇ ಈ ದತ್ತಿ ಉಪನ್ಯಾಸದ ವಸ್ತು.

ಇದು ಜೀವನಚರಿತ್ರೆಯಲ್ಲ. ಅವರ ಬದುಕಿನ ಖಾಸಗಿ ವಿವರಗಳಿಗೆ ನಾನು ಹೋಗುವುದಿಲ್ಲ. ಅವರ ಕೆಲಸದಲ್ಲಿ ನನಗೆ ಒಂದೇ ಪ್ರಶ್ನೆ ಮತ್ತೆ ಮತ್ತೆ ಕಾಣುತ್ತದೆ. ಜನರ ಸಂಕಟವನ್ನು ಎಣಿಸಲು ಹೊರಟವನಿಗೆ ಆ ಜನರ ಬದುಕು ಎಷ್ಟು ಗೊತ್ತಿರಬೇಕು, ಎಣಿಸಿದ ಮೇಲೆ ಅವನ ಮೇಲೆ ಬೀಳುವ ಹೊಣೆ ಏನು ಎಂಬುದೇ ಆ ಪ್ರಶ್ನೆ. ಎಣಿಕೆಗೆ ಮೊದಲು ಊರನ್ನು ಅರಿಯಬೇಕು, ಎಣಿಕೆಯ ನಂತರ ಊರಿಗೆ ಸೇವೆ ಸಲ್ಲಬೇಕು, ಈ ಎರಡರಲ್ಲಿ ಒಂದು ತಪ್ಪಿದರೂ ಅಂಕಿಗೆ ಅರ್ಥವಿಲ್ಲ ಎಂಬುದು ನನ್ನ ನಿಲುವು. ಕಪೂರ್ ಅವರ ದಾರಿಯನ್ನು ಈ ನಿಲುವಿನಿಂದಲೇ ನೋಡಲು ಪ್ರಯತ್ನಿಸುತ್ತೇನೆ.

ಮೊದಲು ಈ ಕೆಲಸ ಏಕೆ ಕಷ್ಟ ಎಂಬುದನ್ನು ಹೇಳಬೇಕು. ಮಲೇರಿಯಾ ಇದೆಯೋ ಇಲ್ಲವೋ ಎಂದು ತಿಳಿಯಲು ಒಂದು ಹನಿ ರಕ್ತ ಸಾಕು. ಖಿನ್ನತೆಯನ್ನಾಗಲಿ ಸ್ಕಿಜೋಫ್ರೀನಿಯಾವನ್ನಾಗಲಿ ತೋರಿಸಿಕೊಡುವ ರಕ್ತಪರೀಕ್ಷೆ ಇಲ್ಲ. ರೋಗಿಯ ಮಾತು, ನಡವಳಿಕೆ, ಮನೆಯವರು ಹೇಳುವ ಸಂಗತಿ, ಇವೇ ವೈದ್ಯನಿಗೆ ಆಧಾರ. ಹೀಗಾಗಿ ಯಾರು ಕೇಳಿದರು, ಯಾವ ಮಾತಿನಲ್ಲಿ ಕೇಳಿದರು, ಯಾರ ಎದುರಿಗೆ ಕೇಳಿದರು ಎಂಬುದರ ಮೇಲೆ ಉತ್ತರವೇ ಬದಲಾಗುತ್ತದೆ. ಉತ್ತರ ಒಂದೇ ಆಗಿದ್ದರೂ ಅದನ್ನು ಯಾವ ಹೆಸರಿನಡಿ ಬರೆದುಕೊಳ್ಳಬೇಕು ಎಂಬುದರಲ್ಲಿ ವೈದ್ಯರಿಗೇ ಒಮ್ಮತವಿರಲಿಲ್ಲ. ನ್ಯೂಯಾರ್ಕ್ ಮತ್ತು ಲಂಡನ್ ನಗರಗಳ ಮನೋವೈದ್ಯರನ್ನು ಹೋಲಿಸಿ ನಡೆಸಿದ, 1972ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದನ್ನು ಬಯಲು ಮಾಡಿತು. ಅಮೆರಿಕದಲ್ಲಿ ಸ್ಕಿಜೋಫ್ರೀನಿಯಾ ಹೆಚ್ಚಾಗಿದ್ದಂತೆ ಕಂಡದ್ದಕ್ಕೆ ಬಹುಮಟ್ಟಿಗೆ ಅಲ್ಲಿನ ವೈದ್ಯರು ಆ ಹೆಸರನ್ನು ಧಾರಾಳವಾಗಿ ಕೊಡುತ್ತಿದ್ದುದೇ ಕಾರಣವಾಗಿತ್ತು. ನ್ಯೂಯಾರ್ಕಿನ ಮಧ್ಯಭಾಗದಲ್ಲಿ ನಡೆದು, ಅದಕ್ಕೂ ಹತ್ತು ವರ್ಷ ಮೊದಲು ಪ್ರಕಟವಾದ ಸಮೀಕ್ಷೆಯಲ್ಲಿ ಯಾವ ಮಾನಸಿಕ ಲಕ್ಷಣವೂ ಇಲ್ಲದವರು ಐದರಲ್ಲಿ ಒಬ್ಬರಿಗಿಂತ ಕಡಿಮೆ ಎಂಬ ಫಲಿತಾಂಶ ಬಂದು, ಪತ್ರಿಕೆಗಳು ಬೆಚ್ಚಿಬಿದ್ದಿದ್ದವು.

ನಮ್ಮ ದೇಶದ ಅಂಕಿಗಳೂ ಹೀಗೆಯೇ. ಕಳೆದ ಅರ್ಧ ಶತಮಾನದ ಭಾರತೀಯ ಸಮೀಕ್ಷೆಗಳನ್ನು ಒಟ್ಟಿಗೆ ಇಟ್ಟು ನೋಡಿದ ವಿದ್ವಾಂಸರು, ಸಾವಿರ ಜನರಲ್ಲಿ ಮಾನಸಿಕ ತೊಂದರೆ ಇರುವವರ ಸಂಖ್ಯೆ ಒಂದು ಅಧ್ಯಯನದಲ್ಲಿ 9.5 ಎಂದೂ ಇನ್ನೊಂದರಲ್ಲಿ 370 ಎಂದೂ ಬಂದಿರುವುದನ್ನು ತೋರಿಸಿದ್ದಾರೆ. ಸುಮಾರು ನಲವತ್ತು ಪಟ್ಟು ಅಂತರ. ಒಂದು ಜಿಲ್ಲೆಯವರು ಇನ್ನೊಂದು ಜಿಲ್ಲೆಯವರಿಗಿಂತ ನಲವತ್ತು ಪಟ್ಟು ದುಃಖಿಗಳಾಗಿರಲು ಸಾಧ್ಯವಿಲ್ಲ. ಕೆಲವರು ತೀವ್ರ ಕಾಯಿಲೆಯನ್ನು ಮಾತ್ರ ಎಣಿಸಿದರು, ಕೆಲವರು ನಿದ್ದೆಗೇಡು, ಆತಂಕ, ಮೈಮೇಲೆ ಬರುವುದು ಎಲ್ಲವನ್ನೂ ಎಣಿಸಿದರು. ಕೆಲವರು ಮನೆಯ ಯಜಮಾನನೊಬ್ಬನನ್ನು ಕೇಳಿ ಮುಂದಿನ ಮನೆಗೆ ಹೋದರು, ಕೆಲವರು ಪ್ರತಿಯೊಬ್ಬರೊಡನೆ ಕುಳಿತು ಮಾತಾಡಿದರು. ಮಾವನ ಮುಂದೆ ಸೊಸೆ ತನ್ನ ಮನಸ್ಸಿನ ಭಾರವನ್ನು ಹೇಳಿಕೊಳ್ಳುವುದಿಲ್ಲ ಎಂಬ ಸಾಮಾನ್ಯ ತಿಳಿವಳಿಕೆಯೇ ಎಷ್ಟೋ ಸಮೀಕ್ಷೆಗಳಲ್ಲಿ ಇರಲಿಲ್ಲ.

ಸ್ವಾತಂತ್ರ್ಯದ ಹೊಸ್ತಿಲಲ್ಲಿ ನಮ್ಮ ಸ್ಥಿತಿ ಇದಕ್ಕಿಂತ ಬಡವಾಗಿತ್ತು. 1946ರ ಭೋರ್ ಸಮಿತಿ ದೇಶದ ಆರೋಗ್ಯವನ್ನೆಲ್ಲ ಪರಿಶೀಲಿಸಿದಾಗ ಮನೋರೋಗಿಗಳ ಬಗ್ಗೆ ಅದರ ಮುಂದೆ ನಂಬಬಹುದಾದ ಅಂಕಿಗಳೇ ಇರಲಿಲ್ಲ. ಸಾವಿರಕ್ಕೆ ಇಬ್ಬರು ಎಂದು ಊಹಿಸಿದರೂ ಎಂಟು ಲಕ್ಷ ಜನರಿಗೆ ಆಸ್ಪತ್ರೆಯ ಸ್ಥಳ ಬೇಕಾಗುತ್ತದೆ, ಇರುವುದೋ ಹತ್ತು ಸಾವಿರ ಚಿಲ್ಲರೆ ಹಾಸಿಗೆ ಎಂದು ಅದು ಲೆಕ್ಕ ಹಾಕಿತು. ಆ ಇಬ್ಬರು ಎಂಬ ಊಹೆಗೆ ನಮ್ಮ ಹಳ್ಳಿಯ ಒಂದು ಮನೆಯನ್ನೂ ಯಾರೂ ಹೊಕ್ಕು ನೋಡಿರಲಿಲ್ಲ. ಅದೇ ಸಮಿತಿಯ ಚಿಂತನೆಯಿಂದ 1954ರಲ್ಲಿ ಬೆಂಗಳೂರಿನಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಹುಟ್ಟಿತು. ಮೈಸೂರು ಸಂಸ್ಥಾನದ ಮಾನಸಿಕ ಆಸ್ಪತ್ರೆಯ ಜೊತೆ 1974ರಲ್ಲಿ ಅದು ಸೇರಿ ಇಂದಿನ ನಿಮ್ಹಾನ್ಸ್ ಆಯಿತು. 60ರ ದಶಕದಲ್ಲಿ ಆಗ್ರಾದಲ್ಲಿ ಮನೋವೈದ್ಯ ಕೆ. ಸಿ. ದುಬೆ ಅವರು ಇಪ್ಪತ್ತೊಂಬತ್ತು ಸಾವಿರಕ್ಕೂ ಮೀರಿದ ಜನರ ಸಮೀಕ್ಷೆ ನಡೆಸಿದರು. ವಿಶ್ವ ಆರೋಗ್ಯ ಸಂಸ್ಥೆ ಒಂಬತ್ತು ದೇಶಗಳಲ್ಲಿ ಕೈಗೊಂಡ ಸ್ಕಿಜೋಫ್ರೀನಿಯಾ ಅಧ್ಯಯನಕ್ಕೂ ಆಗ್ರಾ ಒಂದು ಕೇಂದ್ರವಾಗಿತ್ತು. ಆಗ್ರಾ, ನೈಜೀರಿಯದ ಇಬಾದಾನ್‌ನಂಥ ಕಡೆ ರೋಗಿಗಳು ಶ್ರೀಮಂತ ದೇಶಗಳ ರೋಗಿಗಳಿಗಿಂತ ಚೆನ್ನಾಗಿ ಚೇತರಿಸಿಕೊಂಡರೆಂದು ಆ ಅಧ್ಯಯನ ಹೇಳಿತು. ಇದರ ಅರ್ಥ ಏನು ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಕಾಯಿಲೆಯ ಗತಿ ಮಿದುಳಿನಲ್ಲಿ ಮಾತ್ರ ನಿರ್ಧಾರವಾಗುವುದಿಲ್ಲ, ಸುತ್ತಲಿನ ಬದುಕಿಗೂ ಅದರಲ್ಲಿ ಪಾಲಿದೆ ಎಂಬ ಮಾತನ್ನು ಆಮೇಲೆ ತಳ್ಳಿಹಾಕುವುದು ಕಷ್ಟವಾಯಿತು.

ಕಪೂರ್ ಅವರು ಕೋಟಕ್ಕೆ ಬಂದದ್ದು ಈ ಹಿನ್ನೆಲೆಯಲ್ಲಿ.

ಕೋಟ ಎಂದರೆ ಕನ್ನಡ ಓದುಗರಿಗೆ ಮೊದಲು ನೆನಪಾಗುವವರು ಅಲ್ಲಿ ಹುಟ್ಟಿದ ಶಿವರಾಮ ಕಾರಂತರು. ಉಡುಪಿ ಮತ್ತು ಕುಂದಾಪುರದ ನಡುವೆ, ಒಂದು ಕಡೆ ಕಡಲು ಇನ್ನೊಂದು ಕಡೆ ಗದ್ದೆಗಳಿರುವ ಈ ಊರನ್ನು ಮನೋವೈದ್ಯ ವಿಜ್ಞಾನದ ಅಂತರರಾಷ್ಟ್ರೀಯ ಸಾಹಿತ್ಯ ಬೇರೆ ಕಾರಣಕ್ಕೆ ಬಲ್ಲದು. ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ ಮನೋವೈದ್ಯ ಪ್ರಾಧ್ಯಾಪಕರಾಗಿದ್ದ ಮಾರಿಸ್ ಕಾರ್‌ಸ್ಟೇರ್ಸ್ ಮತ್ತು ಕಪೂರ್ ಇಬ್ಬರೂ ಸೇರಿ ಇಲ್ಲಿ ನಡೆಸಿದ ಅಧ್ಯಯನ 1976ರಲ್ಲಿ 'ದಿ ಗ್ರೇಟ್ ಯೂನಿವರ್ಸ್ ಆಫ್ ಕೋಟ' ಎಂಬ ಪುಸ್ತಕವಾಯಿತು. ಒತ್ತಡ, ಬದಲಾವಣೆ ಮತ್ತು ಮಾನಸಿಕ ಅಸ್ವಾಸ್ಥ್ಯ ಎಂಬುದು ಅದರ ಉಪಶೀರ್ಷಿಕೆಯ ಆಶಯ. ಕಾರ್‌ಸ್ಟೇರ್ಸ್ ಮಿಷನರಿ ದಂಪತಿಯ ಮಗನಾಗಿ ಭಾರತದಲ್ಲೇ ಹುಟ್ಟಿದವರು, ಮಾನವಶಾಸ್ತ್ರವನ್ನೂ ಓದಿದವರು, ರಾಜಸ್ಥಾನದ ಮೇಲ್ಜಾತಿಗಳ ಬಗ್ಗೆ 1957ರಲ್ಲೇ ಪುಸ್ತಕ ಬರೆದವರು. ಮಾನವಶಾಸ್ತ್ರಜ್ಞನ ತಾಳ್ಮೆ ಮತ್ತು ವೈದ್ಯನ ಖಚಿತತೆ ಎರಡೂ ಈ ಅಧ್ಯಯನದಲ್ಲಿ ಕೂಡಿಬಂದವು.

ಆ ಊರನ್ನೇ ಆರಿಸಿಕೊಂಡದ್ದರಲ್ಲಿ ಒಂದು ವಿವೇಕವಿದೆ. ಅಧ್ಯಯನ ಮೂರು ಸಮುದಾಯಗಳನ್ನು ತೆಗೆದುಕೊಂಡಿತು: ಬ್ರಾಹ್ಮಣರು, ಬಂಟರು, ಮೊಗವೀರರು. ಬ್ರಾಹ್ಮಣರದು ತಂದೆಯಿಂದ ಮಗನಿಗೆ ಆಸ್ತಿ ಇಳಿಯುವ ಮಕ್ಕಳಕಟ್ಟು. ಬಂಟರದೂ ಮೊಗವೀರರದೂ ಅಳಿಯಕಟ್ಟು. ಅಲ್ಲಿ ಆಸ್ತಿ ಹೆಣ್ಣಿನ ಬಳಿಯಲ್ಲಿ, ಎಂದರೆ ತಾಯಿಯ ವಂಶದಲ್ಲಿ, ಇಳಿಯುತ್ತಿತ್ತು, ಸೋದರಮಾವನ ಮಾತಿಗೆ ತಂದೆಯ ಮಾತಿಗಿಂತ ತೂಕ ಹೆಚ್ಚಿತ್ತು. 1949ರ ಮದ್ರಾಸ್ ಅಳಿಯಸಂತಾನ ಕಾಯಿದೆ, 1956ರ ಹಿಂದೂ ಉತ್ತರಾಧಿಕಾರ ಕಾಯಿದೆಗಳು ಬಂದ ಮೇಲೆ ಕವಲು ಎಂಬ ಕೂಡುಕುಟುಂಬಗಳು ಒಡೆದು ಪಾಲಾಗತೊಡಗಿದವು. ಗಂಡ ಹೆಂಡತಿ ಮಕ್ಕಳು ಬೇರೆ ಮನೆ ಹೂಡುವುದು ಹೆಚ್ಚಿತು. ಮಗ ಮುಂಬಯಿಯ ಹೋಟೆಲಿಗೆ ಹೋದ, ಯಂತ್ರದ ದೋಣಿ ಕಡಲಿಗಿಳಿಯಿತು, ಶಾಲೆ ಹತ್ತಿರ ಬಂತು. ಒಂದೇ ಊರು, ಒಂದೇ ಮಳೆ, ಒಂದೇ ಗಾಳಿ; ಆದರೆ ಕುಟುಂಬದ ಕಟ್ಟೋಣ ಮೂರು ಬಗೆ, ಬದಲಾವಣೆಯ ವೇಗ ಮೂರು ಬಗೆ. ಬದಲಾವಣೆಗೂ ಮನಸ್ಸಿನ ಸ್ಥಿತಿಗೂ ಇರುವ ಸಂಬಂಧವನ್ನು ಪರಿಶೀಲಿಸಲು ಇದಕ್ಕಿಂತ ತಕ್ಕ ಜಾಗವನ್ನು ಯಾರು ತಾನೇ ಕಲ್ಪಿಸಿಕೊಂಡಾರು? ಜಾತಿ, ಬಳಿ, ಆಸ್ತಿ, ಕಸುಬು ಇವುಗಳನ್ನು ಅರಿಯದೆ ಕೋಟದ ಒಬ್ಬ ಹೆಂಗಸಿನ ಆತಂಕವನ್ನು ಅರಿಯಲಾಗದು ಎಂಬ ಗ್ರಹಿಕೆ ಆ ಆಯ್ಕೆಯಲ್ಲೇ ಅಡಗಿದೆ.

ವಿಧಾನದಲ್ಲಿ ಕಪೂರ್ ತೆಗೆದುಕೊಂಡ ಒಂದು ತೀರ್ಮಾನದ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಊರಿನವರಿಗೆ ರೋಗದ ಹೆಸರುಗಳನ್ನು ಅಂಟಿಸುವ ಅವಸರ ಅವರಿಗಿರಲಿಲ್ಲ. ಕಂಡ ಲಕ್ಷಣಗಳನ್ನು ಒಂದೊಂದಾಗಿ ಬರೆದುಕೊಳ್ಳುವುದು, ಆ ವ್ಯಕ್ತಿ ಮನೆಯಲ್ಲಿ, ಕೆಲಸದಲ್ಲಿ, ನೆಂಟರಿಷ್ಟರ ನಡುವೆ ಹೇಗೆ ನಡೆದುಕೊಳ್ಳುತ್ತಿದ್ದಾನೆ ಎಂದು ಬೇರೆಯಾಗಿ ಅಳೆಯುವುದು, ಅವನಿಗೆ ನೆರವು ಬೇಕೇ ಎಂಬುದನ್ನು ಮತ್ತೂ ಬೇರೆಯಾಗಿ ಕೇಳುವುದು, ಹೀಗೆ ಲಕ್ಷಣ, ಸಾಮಾಜಿಕ ನಡವಳಿಕೆ, ಅಗತ್ಯ ಈ ಮೂರನ್ನು ಅವರು ಬಿಡಿಸಿ ಇಟ್ಟರು. ಇದಕ್ಕಾಗಿ ಸಹಸಂಶೋಧಕಿ ಮಾಳವಿಕಾ ಕಪೂರ್ ಮತ್ತು ಕಾರ್‌ಸ್ಟೇರ್ಸ್ ಅವರೊಡನೆ ಭಾರತೀಯ ಸನ್ನಿವೇಶಕ್ಕೆ ಹೊಂದುವ ಸಂದರ್ಶನ ಪಟ್ಟಿಗಳನ್ನೇ ರಚಿಸಿ 1974ರಲ್ಲಿ ಪ್ರಕಟಿಸಿದರು. ಕೇಳುವ ಕೆಲಸದ ಮೊದಲ ಹಂತವನ್ನು ಮನೋವೈದ್ಯರಲ್ಲದ ತರಬೇತಿ ಪಡೆದವರು ಮಾಡಬಹುದು, ಅಗತ್ಯವಿದ್ದಲ್ಲಿ ಮಾತ್ರ ಮನೋವೈದ್ಯ ಕೂರಬೇಕು ಎಂಬ ವ್ಯವಸ್ಥೆ ಅದರಲ್ಲಿತ್ತು.

ಲಂಡನ್ನಿನಲ್ಲಿ ತಯಾರಾದ ಪ್ರಶ್ನಾವಳಿಯನ್ನು ಕುಂದಾಪುರದ ಕನ್ನಡಕ್ಕೆ ತಂದು ಓದಿದರೆ ಕೆಲಸ ಮುಗಿಯುತ್ತದೆ ಎಂದುಕೊಂಡವರು ಆಗಲೂ ಇದ್ದರು, ಈಗಲೂ ಇದ್ದಾರೆ. ನಮ್ಮಲ್ಲಿ ದುಃಖ ಎಷ್ಟೋ ಸಲ ಮೈಕೈ ನೋವಾಗಿ, ಎದೆ ಉರಿಯಾಗಿ, ಸುಸ್ತಾಗಿ ಮಾತಾಡುತ್ತದೆ. ಗಂಡಸರು ಧಾತು ನಷ್ಟದ ಭಯವನ್ನು ಹೇಳಿಕೊಳ್ಳುತ್ತಾರೆ. ದೈವ ಮೈಮೇಲೆ ಬಂದು ನುಡಿಯುತ್ತದೆ. ಇವು ವಿದೇಶಿ ಪಟ್ಟಿಯಲ್ಲಿ ಇಲ್ಲವೆಂದು ಕೇಳದೆ ಬಿಟ್ಟರೆ ಊರಿನ ಸಂಕಟದ ದೊಡ್ಡ ಪಾಲು ಲೆಕ್ಕದಿಂದ ಜಾರುತ್ತದೆ. ಇನ್ನೊಂದೆಡೆ, ಇವನ್ನೆಲ್ಲ ಕಾಯಿಲೆ ಎಂದು ಬರೆದುಕೊಂಡರೆ ಊರಿಗೆ ಊರೇ ರೋಗಗ್ರಸ್ತವಾಗಿ ಕಾಣುತ್ತದೆ. ವರ್ಷಕ್ಕೊಮ್ಮೆ ದೈವದ ದರ್ಶನದಲ್ಲಿ ಆವೇಶಗೊಂಡು, ಮರುದಿನ ಗದ್ದೆಗೆ ಇಳಿಯುವ ಪಾತ್ರಿ ರೋಗಿಯಲ್ಲ. ಅದನ್ನು ಊರಿನ ಮಗುವೂ ಬಲ್ಲದು. ಲಕ್ಷಣವನ್ನೂ ನಡವಳಿಕೆಯನ್ನೂ ಬೇರೆಬೇರೆಯಾಗಿ ಅಳೆದದ್ದರ ಬೆಲೆ ಇಲ್ಲಿ ಗೊತ್ತಾಗುತ್ತದೆ. ಲಕ್ಷಣವಿದ್ದೂ ಬದುಕು ಸಾಗುತ್ತಿರುವವರು, ಒಂದೆರಡೇ ಲಕ್ಷಣವಿದ್ದರೂ ಬದುಕು ನಿಂತುಹೋದವರು, ಇಬ್ಬರನ್ನೂ ಒಂದೇ ಅಂಕಿಯಲ್ಲಿ ಕಟ್ಟಿಹಾಕುವ ತಪ್ಪಿನಿಂದ ಸಂಶೋಧಕ ಪಾರಾಗುತ್ತಾನೆ.

ಕೋಟದ ಅಧ್ಯಯನದ ಇನ್ನೊಂದು ಫಲ ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ದೊಡ್ಡದು. ತೊಂದರೆ ಇರುವವರು ಯಾರ ಬಳಿಗೆ ಹೋಗುತ್ತಾರೆ ಎಂದು ಕಪೂರ್ ವಿಚಾರಿಸಿದರು. ಊರಿನಲ್ಲಿ ನಾಟಿ ವೈದ್ಯರಿದ್ದರು, ಮಂತ್ರವಾದಿಗಳಿದ್ದರು, ಪಾತ್ರಿಗಳಿದ್ದರು, ಇಂಗ್ಲಿಷ್ ಔಷಧ ಕೊಡುವ ಡಾಕ್ಟರೂ ಇದ್ದರು. ಓದಿದವರು ಡಾಕ್ಟರ ಬಳಿಗೆ, ಓದದವರು ಮಂತ್ರವಾದಿಯ ಬಳಿಗೆ ಎಂದು ಪೇಟೆಯ ವಿದ್ಯಾವಂತರು ಭಾವಿಸಿದ್ದರು. ಕಪೂರ್ ಕಂಡದ್ದು ಬೇರೆ. ಜನ ಎರಡೂ ಕಡೆ ಹೋಗುತ್ತಿದ್ದರು; ಓದಿಗೂ ಆ ಆಯ್ಕೆಗೂ ಹೇಳಿಕೊಳ್ಳುವಂಥ ಸಂಬಂಧವಿರಲಿಲ್ಲ. ಒಬ್ಬ ಮನುಷ್ಯನ ಮನಸ್ಸಿನಲ್ಲಿ ಮಾತ್ರೆಗೂ ತಾಯಿತಕ್ಕೂ ಜಗಳವಿರಲಿಲ್ಲ. 1979ರಲ್ಲಿ ಅವರು ಇದನ್ನು ಪ್ರಕಟಿಸಿ, ಹಳ್ಳಿಗಾಡಿನ ಮಾನಸಿಕ ಆರೋಗ್ಯದ ಯೋಜನೆ ಮಾಡುವವರು ಸಾಂಪ್ರದಾಯಿಕ ಚಿಕಿತ್ಸಕರನ್ನು ಇಲ್ಲವೆಂದು ತಿಳಿಯುವಂತಿಲ್ಲ ಎಂದು ವಾದಿಸಿದರು. ಅವರು ಮಂತ್ರವಾದವನ್ನು ಸಮರ್ಥಿಸಿದರೆಂದು ಯಾರೂ ತಿಳಿಯಬಾರದು. ರೋಗಿಯನ್ನು ಸರಪಳಿಯಲ್ಲಿ ಬಿಗಿಯುವ, ಬರೆ ಹಾಕುವ ಕ್ರಮಗಳನ್ನು ತಡೆಯಲೇಬೇಕು, ಇದರಲ್ಲಿ ಎರಡು ಮಾತಿಲ್ಲ. ಅದನ್ನು ತಡೆಯಬೇಕಾದರೂ ಆ ಚಿಕಿತ್ಸಕನೊಡನೆ ಮಾತು ನಡೆಯಬೇಕಲ್ಲವೇ?

ಮುಂದಿನ ಹಂತ ಬೆಂಗಳೂರು. 1975ರಲ್ಲಿ ನಿಮ್ಹಾನ್ಸ್‌ನಲ್ಲಿ ಸಮುದಾಯ ಮನೋವೈದ್ಯ ಘಟಕ ಆರಂಭವಾದಾಗ ಅದರ ಹಿಂದೆ ಇದ್ದವರು ಮನೋವೈದ್ಯ ವಿಭಾಗದ ಪ್ರಾಧ್ಯಾಪಕರಾಗಿದ್ದ ಕಪೂರ್. ಬನ್ನೇರುಘಟ್ಟದ ಕಡೆಯ ಸಕಲವಾರದಲ್ಲಿ ಗ್ರಾಮೀಣ ಮಾನಸಿಕ ಆರೋಗ್ಯ ಕೇಂದ್ರ ತೆರೆಯಿತು. ಕೋಟದಲ್ಲಿ ಎಷ್ಟು ಜನರಿಗೆ ತೊಂದರೆ ಇದೆ ಎಂಬುದು ಮುಖ್ಯ ಪ್ರಶ್ನೆಯಾಗಿತ್ತು. ಸಕಲವಾರದಲ್ಲಿ, ಇರುವ ತೊಂದರೆಯನ್ನು ಯಾರು ನೋಡಿಕೊಳ್ಳಬೇಕು ಎಂಬುದು. ದೇಶದ ಮನೋವೈದ್ಯರೆಲ್ಲ ಹಗಲಿರುಳು ದುಡಿದರೂ ಹಳ್ಳಿಗಳನ್ನು ಮುಟ್ಟಲಾರರು ಎಂಬುದು ಲೆಕ್ಕ ಬಲ್ಲವರಿಗೆ ಸ್ಪಷ್ಟವಿತ್ತು. ಹೀಗಾಗಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಮನೆ ಮನೆ ತಿರುಗುವ ಆರೋಗ್ಯ ಕಾರ್ಯಕರ್ತರಿಗೂ ತೀವ್ರ ಮನೋರೋಗವನ್ನೂ ಮೂರ್ಛೆರೋಗವನ್ನೂ ಗುರುತಿಸಲು, ಕೆಲವೇ ಔಷಧಗಳನ್ನು ಸರಿಯಾಗಿ ಕೊಡಲು ಕಲಿಸುವ ಕ್ರಮವನ್ನು ಅಲ್ಲಿ ರೂಪಿಸಿದರು. ಎಲ್ಲ ಕಾಯಿಲೆಯನ್ನೂ ಎಲ್ಲರಿಗೂ ಕಲಿಸಲಾಗದು. ಚಿಕಿತ್ಸೆಯಿಂದ ಖಂಡಿತ ಲಾಭವಿರುವ, ಬಿಟ್ಟರೆ ಮನೆಯನ್ನೇ ಮುಳುಗಿಸುವ ಕಾಯಿಲೆಗಳಿಗೆ ಮೊದಲ ಸ್ಥಾನ ಎಂದು ಆದ್ಯತೆ ನಿಗದಿಯಾಯಿತು. ಈ ಆದ್ಯತೆ ಎಂಬ ಮಾತು ಜನಸಂಖ್ಯೆಯನ್ನು ಎದುರಿಗಿಟ್ಟುಕೊಂಡು ಯೋಚಿಸುವ ವೈದ್ಯನಿಗೆ ಮಾತ್ರ ಹೊಳೆಯುವಂಥದ್ದು. ಒಬ್ಬ ರೋಗಿಯ ಮುಂದೆ ಕುಳಿತವನಿಗೆ ಎಲ್ಲ ನೋವೂ ಸಮಾನ.

ಸಕಲವಾರದಲ್ಲಿ ಕಲಿತ ಪಾಠ, ಅದೇ ಕಾಲದಲ್ಲಿ ಚಂಡೀಗಢದ ಸಮೀಪದ ರಾಯಪುರ್ ರಾಣಿಯಲ್ಲಿ ಮನೋವೈದ್ಯ ಎನ್. ಎನ್. ವಿಗ್ ಮತ್ತು ಅವರ ಸಹೋದ್ಯೋಗಿಗಳು ಮಾಡಿದ ಕೆಲಸ, ಇವೆರಡೂ 1982ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ತಳಹದಿಯಾದವು. 80ರ ದಶಕದ ಎರಡನೆಯ ಅರ್ಧದಲ್ಲಿ ನಿಮ್ಹಾನ್ಸ್ ಇದನ್ನು ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿ ತೋರಿಸಿತು. ಸುಮಾರು ಇಪ್ಪತ್ತು ಲಕ್ಷ ಜನರ ಒಂದು ಜಿಲ್ಲೆಯಲ್ಲಿ, ಇದ್ದ ಆರೋಗ್ಯ ಕೇಂದ್ರಗಳ ಮೂಲಕವೇ ಮಾನಸಿಕ ಚಿಕಿತ್ಸೆ ಕೊಡಬಹುದೆಂದು ಅದು ಸಾಬೀತುಮಾಡಿತು. 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಇಡೀ ದೇಶದಲ್ಲಿ ಹರಡಿದ್ದು ಬಳ್ಳಾರಿಯ ಮಾದರಿಯಲ್ಲಿಯೇ. ಕರಾವಳಿಯ ಒಂದು ಊರಿನ ಸಮೀಕ್ಷೆಯಿಂದ ಬಯಲುಸೀಮೆಯ ಒಂದು ಜಿಲ್ಲೆಯ ಸೇವೆಯವರೆಗೆ ಈ ಹಾದಿಯ ಬಹುಭಾಗ ಕರ್ನಾಟಕದ ನೆಲದ ಮೇಲೆಯೇ ಸಾಗಿತು ಎಂಬುದನ್ನು ನಾವು ಅಭಿಮಾನದಿಂದ ನೆನೆಯಬೇಕು.

ಕಪೂರ್ ಮಾತ್ರ ಈ ಯಶಸ್ಸಿನಲ್ಲಿ ತೃಪ್ತರಾಗಿ ಕೂರಲಿಲ್ಲ. ತಾವೇ ಕಟ್ಟಿದ ಸಮುದಾಯ ಮನೋವೈದ್ಯದ ಕಥೆಯನ್ನು ಕೊನೆಯ ವರ್ಷಗಳಲ್ಲಿ ಬರೆಯುವಾಗ ಅವರು ಅದನ್ನು ವಿಮರ್ಶೆಯ ಕಣ್ಣಿನಿಂದಲೇ ನೋಡಿದರು. ಕಾರ್ಯಕ್ರಮ ಮೇಲಿಂದ ಕೆಳಗೆ ಇಳಿದುಬಂತು, ಸಮುದಾಯದ ಸ್ವಂತ ಶಕ್ತಿಗಳು ಅದರಲ್ಲಿ ಪಾಲುಗೊಳ್ಳಲಿಲ್ಲ ಎಂಬ ಕೊರಗು ಅವರಿಗಿತ್ತು. ಆರೋಗ್ಯ ಕೇಂದ್ರದಲ್ಲಿ ಮಾತ್ರೆ ಸಿಕ್ಕಿತು, ಸರಿ. ಆದರೆ ಕೋಟದಲ್ಲಿ ಕಂಡಂಥ ಕುಟುಂಬ, ನೆರೆಹೊರೆ, ನಂಬಿಕೆಗಳ ಲೋಕವೆಲ್ಲ ಕಾರ್ಯಕ್ರಮದ ಕಡತದಲ್ಲಿ ಎಲ್ಲಿ ಹೋಯಿತು? ಈ ಟೀಕೆಯನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ. ಮಾತ್ರೆಯ ಮಹತ್ವವನ್ನು ಕಡಿಮೆ ಮಾಡುವ ಮಾತಲ್ಲ ಇದು. ತೀವ್ರ ಕಾಯಿಲೆಯವರಿಗೆ ಔಷಧ ಪ್ರಾಣರಕ್ಷಕ. ಆದರೆ ಗಂಡನ ಕುಡಿತದಿಂದ, ಸಾಲದಿಂದ, ಒಂಟಿತನದಿಂದ ಕುಸಿದವರಿಗೆ ಮಾತ್ರೆಯ ಚೀಟಿಯೊಂದೇ ಸಾಲದು.

ನಿಮ್ಹಾನ್ಸ್ ಬಿಟ್ಟ ಮೇಲೆ ಅವರು ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯಲ್ಲಿ ಕೆಲಸ ಮಾಡಿದರು. ಅಲ್ಲಿ ಭಾರತೀಯ ವಿಜ್ಞಾನಿಗಳ ಸೃಜನಶೀಲತೆಯನ್ನು ಅಧ್ಯಯನ ಮಾಡಿದರು. ಆಮೇಲೆ ಹಿಮಾಲಯದ ಕಡೆಗೆ ಹೋಗಿ ಸಾಧುಗಳನ್ನು ಸಂದರ್ಶಿಸಿದರು. ಮನೆ ಮಠ ಬಿಟ್ಟು ಹೋದವರು ಬದುಕಿನಿಂದ ತಪ್ಪಿಸಿಕೊಂಡವರೋ, ಬೇರೊಂದು ಬಗೆಯ ಸ್ವಾಸ್ಥ್ಯ ಕಂಡುಕೊಂಡವರೋ ಎಂಬುದು ಅವರ ಪ್ರಶ್ನೆ. ಅವರು 2006ರಲ್ಲಿ ತೀರಿಕೊಂಡರು. ಸಾಧುಗಳನ್ನು ಕುರಿತ ಅವರ ಪುಸ್ತಕ, 'ಅನದರ್ ವೇ ಟು ಲಿವ್', 2009ರಲ್ಲಿ ಹೊರಬಂತು. ಅವರ ಕೊನೆಯ ಕೆಲಸ ಮೊದಲಿನದಕ್ಕೆ ಸಂಬಂಧವಿಲ್ಲದ್ದು ಎಂದು ಕೆಲವರಿಗೆ ಅನಿಸಬಹುದು. ನನಗೆ ಹಾಗೆ ತೋರುವುದಿಲ್ಲ. ಇಡೀ ಊರಿನಲ್ಲಿ ಯಾರು ಅಸ್ವಸ್ಥರು ಎಂದು ಕೇಳಿದವನು, ಸ್ವಸ್ಥರು ಎಂದರೆ ಯಾರು ಎಂದು ಒಂದಲ್ಲ ಒಂದು ದಿನ ಕೇಳಲೇಬೇಕು.

ಇಂದಿನ ಸ್ಥಿತಿಗೆ ಬರುತ್ತೇನೆ. ನಿಮ್ಹಾನ್ಸ್ 2015–16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ನಮ್ಮ ದೇಶ ಈವರೆಗೆ ಕಂಡ ಅತ್ಯಂತ ವ್ಯವಸ್ಥಿತ ಎಣಿಕೆಗಳಲ್ಲಿ ಒಂದು. ವಯಸ್ಕರಲ್ಲಿ 10.6 ಪ್ರತಿಶತ ಮಂದಿಗೆ ಸಮೀಕ್ಷೆಯ ಹೊತ್ತಿನಲ್ಲಿ ಮಾನಸಿಕ ಅಸ್ವಾಸ್ಥ್ಯವಿತ್ತು. ಸುಮಾರು 15 ಕೋಟಿ ಭಾರತೀಯರಿಗೆ ನೆರವು ಬೇಕು ಎಂದು ಅದು ಅಂದಾಜು ಮಾಡಿತು. ಇದಕ್ಕಿಂತಲೂ ನಮ್ಮನ್ನು ಎಚ್ಚರಿಸಬೇಕಾದ ಅಂಕಿ ಚಿಕಿತ್ಸೆ ಸಿಗದವರದು. ತೀವ್ರ ಮನೋರೋಗ ಇರುವವರಲ್ಲಿ 73.6 ಪ್ರತಿಶತ, ಆತಂಕ ಖಿನ್ನತೆಗಳಂಥ ಸಾಮಾನ್ಯ ತೊಂದರೆ ಇರುವವರಲ್ಲಿ 85 ಪ್ರತಿಶತ ಮಂದಿಗೆ ಚಿಕಿತ್ಸೆ ತಲುಪಿರಲಿಲ್ಲ. ರಾಷ್ಟ್ರೀಯ ಕಾರ್ಯಕ್ರಮ ಹುಟ್ಟಿ ಮೂವತ್ತಕ್ಕೂ ಹೆಚ್ಚು ವರ್ಷಗಳಾದ ಮೇಲಿನ ಮಾತಿದು. ಉಪನ್ಯಾಸದ ಮೊದಲಿಗೆ ನಾನು ಹೇಳಿದ ಬಾರದೆ ಉಳಿದವರು ಇವರೇ.

ಆ ಸಮೀಕ್ಷೆಯ ವಿಷಯದಲ್ಲಿ ಕನ್ನಡಿಗರು ಗಮನಿಸಬೇಕಾದ ಒಂದು ಸಂಗತಿ ಇದೆ. ಬೆಂಗಳೂರಿನ ಸಂಸ್ಥೆ ನಡೆಸಿದ ಆ ಸಮೀಕ್ಷೆಯ ಹನ್ನೆರಡು ರಾಜ್ಯಗಳಲ್ಲಿ ಕರ್ನಾಟಕ ಇರಲಿಲ್ಲ. ಪೂರ್ವಭಾವಿ ಅಧ್ಯಯನ ಮಾತ್ರ ಕೋಲಾರ ಜಿಲ್ಲೆಯಲ್ಲಿ ನಡೆದಿತ್ತು. ಬೇರೆ ರಾಜ್ಯಗಳ ಸರಾಸರಿಯನ್ನು ತಂದು ಕರ್ನಾಟಕದ ಯೋಜನೆ ಮಾಡುವುದು, ಭೋರ್ ಸಮಿತಿಯ ಕಾಲದ ಊಹೆಗಿಂತ ಒಳ್ಳೆಯದೇ ಹೊರತು ಸಾಕಾಗುವಂಥದ್ದಲ್ಲ. ಕರಾವಳಿಯ ಮೀನುಗಾರರ ಮನೆ, ಕಲಬುರಗಿಯ ತೊಗರಿ ಬೆಳೆಗಾರರ ಮನೆ, ಕೊಡಗಿನ ತೋಟದ ಲೈನು ಮನೆ, ಬೆಂಗಳೂರಿನ ಹೊರವಲಯದ ವಲಸೆ ಕಾರ್ಮಿಕರ ಶೆಡ್ಡು, ಇವುಗಳ ಒಳಗಿನ ಸಂಕಟ ಒಂದೇ ಬಗೆಯದಲ್ಲ. ತುಳು, ಕೊಂಕಣಿ, ಕೊಡವ, ಉರ್ದು, ಲಂಬಾಣಿ ಮಾತಾಡುವವರನ್ನು ಅವರವರ ಮಾತಿನಲ್ಲೇ ಕೇಳಬೇಕು. ಪ್ರತಿ ಪ್ರದೇಶಕ್ಕೂ ಒಂದು ಕೋಟ ಬೇಕು. ಕೆಲವು ನೂರು ಮನೆಗಳಲ್ಲಿ ವರ್ಷಗಟ್ಟಲೆ ಇದ್ದು, ಅಲ್ಲಿನ ಕುಟುಂಬ, ದುಡಿಮೆ, ನಂಬಿಕೆಗಳನ್ನು ಅರಿತು, ಬಳಿಕ ಎಣಿಸಿ, ಎಣಿಸಿದವರಿಗೆ ಚಿಕಿತ್ಸೆಯನ್ನೂ ಕೊಡುವ ಅಧ್ಯಯನಗಳು ಬೇಕು. ಕಾಯಿಲೆ ಇದೆ ಎಂದು ಬರೆದುಕೊಂಡು ಹಿಂದಿರುಗಿ ನೋಡದೆ ಹೋಗುವ ಸಮೀಕ್ಷೆ ಆ ಮನೆಗೆ ಮಾಡುವುದು ಅನ್ಯಾಯ. 2017ರ ಮಾನಸಿಕ ಆರೋಗ್ಯ ಸೇವಾ ಕಾಯಿದೆ ಚಿಕಿತ್ಸೆಯನ್ನು ಪ್ರತಿಯೊಬ್ಬರ ಹಕ್ಕೆಂದು ಘೋಷಿಸಿರುವಾಗ ಸಂಶೋಧಕರಿಗೂ ಆ ಹಕ್ಕಿನ ಹೊಣೆ ಇದೆ.

ಆದ್ದರಿಂದ ನನ್ನ ವಿನಂತಿ ಮೂರು ಕಡೆಗೆ. ನಮ್ಮ ವೈದ್ಯಕೀಯ ಕಾಲೇಜುಗಳು ಮನೋವೈದ್ಯ ವಿದ್ಯಾರ್ಥಿಗಳನ್ನು ಕೆಲವು ತಿಂಗಳಾದರೂ ಒಂದು ಹಳ್ಳಿಯಲ್ಲಿ ಇರಿಸಲಿ; ಸಮಾಜಶಾಸ್ತ್ರದ, ಜಾನಪದದ ಅಧ್ಯಾಪಕರನ್ನು ಅವರ ಜೊತೆಗೆ ಕಳಿಸಲಿ. ಇಂಥ ದತ್ತಿಗಳನ್ನು ಸ್ಥಾಪಿಸುವ ಉದಾರಿಗಳು ಉಪನ್ಯಾಸದ ಜೊತೆಗೆ ಇಂಥ ಒಂದು ಅಧ್ಯಯನಕ್ಕೂ ನೆರವಾಗುವುದನ್ನು ಯೋಚಿಸಲಿ. ಮತ್ತು ತಾವೆಲ್ಲರೂ, ಆರೋಗ್ಯ ಕಾರ್ಯಕರ್ತೆಯಾಗಲಿ ಸಮೀಕ್ಷಕರಾಗಲಿ ಮನೆ ಬಾಗಿಲಿಗೆ ಬಂದಾಗ ಒಳಗೆ ಕರೆದು ಕೂರಿಸಿ, ಮನೆಯ ಹೆಣ್ಣುಮಕ್ಕಳಿಗೂ ಹಿರಿಯರಿಗೂ ಒಬ್ಬೊಬ್ಬರಾಗಿ ಮಾತಾಡಲು ಎಡೆಮಾಡಿಕೊಡಿ. ಹಿಂದಿನ ಕೋಣೆಯಲ್ಲಿ ಇರುವವರ ಹೆಸರನ್ನೂ ಹೇಳಿ. ಯಾರಿಗಾದರೂ ಇವತ್ತೇ ನೆರವು ಬೇಕಿದ್ದರೆ ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ. ಅದರ ಸಂಖ್ಯೆ 14416. ಕರೆಗೆ ಹಣ ಕೊಡಬೇಕಿಲ್ಲ, ಹಗಲು ರಾತ್ರಿ ಯಾವ ಹೊತ್ತಿನಲ್ಲಾದರೂ ಕನ್ನಡದಲ್ಲೇ ಮಾತಾಡಬಹುದು.